ಕೋವಿಯಿಂದ ಕ್ಯಾಮೆರಾಕ್ಕೆ: ಆಫ್ರಿಕದ ಸಫಾರಿಯ ಇತಿಹಾಸ ಮತ್ತು ನಮ್ಮ ವಿವೇಕ

ವನ್ಯಪ್ರಾಣಿಗಳನ್ನು ಅವುಗಳ ನೆಲೆಯಲ್ಲಿಯೇ ಕಾಣಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಅನುಕೂಲವುಳ್ಳ ಕುಟುಂಬಗಳು ಇಂದು ರಜೆಯ ದಿನಗಳಲ್ಲಿ ಕೆನ್ಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕ ಮೊದಲಾದ ದೇಶಗಳಿಗೆ ಹೋಗಿ, ಛಾವಣಿ ತೆರೆದ ವಾಹನದಲ್ಲಿ ಕುಳಿತು ಸಿಂಹ, ಆನೆ, ಜಿರಾಫೆಗಳನ್ನು ನೋಡಿ, ಅವುಗಳ ಛಾಯಾಚಿತ್ರಗಳೊಡನೆ ಮರಳುತ್ತವೆ. ಪ್ರಾಣಿಯನ್ನು ಕೊಲ್ಲದೆ, ಮುಟ್ಟದೆ, ದೂರದಿಂದ ನೋಡಿ ಬರುವ ಈ ಪ್ರವಾಸವು ಅಹಿಂಸಾಣುವ್ರತಕ್ಕೆ ಪೂರ್ಣವಾಗಿ ಒಪ್ಪುವಂತಹುದೆಂದು ಮೇಲ್ನೋಟಕ್ಕೆ ತೋರುತ್ತದೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಈ ಪದ್ಧತಿ ಎಲ್ಲಿಂದ ಹುಟ್ಟಿತು, ಯಾವ ಮನೋಭಾವವನ್ನು ತನ್ನೊಡನೆ ಹೊತ್ತು ತಂದಿತು ಎಂಬುದನ್ನು ಅರಿತಾಗಲೇ ಅದರಲ್ಲಿ ಗ್ರಾಹ್ಯವಾದುದೇನು, ತ್ಯಾಜ್ಯವಾದುದೇನು ಎಂದು ವಿವೇಚಿಸಲು ಸಾಧ್ಯ. ಆ ದೃಷ್ಟಿಯಿಂದ ಸಫಾರಿಯ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಅವಲೋಕಿಸಲಾಗಿದೆ.

ಬೇಟೆಯ ಯಾತ್ರೆ

‘ಸಫಾರಿ’ ಎಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಶಬ್ದ. ಅದರ ಅರ್ಥ ಪ್ರಯಾಣ ಎಂದಷ್ಟೇ. ಹಿಂದಿ ಮತ್ತು ಉರ್ದು ಭಾಷೆಗಳಲ್ಲಿ ಬಳಕೆಯಲ್ಲಿರುವ ‘ಸಫರ್’ ಶಬ್ದಕ್ಕೂ ಇದಕ್ಕೂ ಮೂಲ ಒಂದೇ, ಅದು ಅರಬ್ಬೀ. ಕರಾವಳಿಯಿಂದ ಒಳನಾಡಿಗೆ ಹೊರೆಯಾಳುಗಳೊಡನೆ ಸಾಗುತ್ತಿದ್ದ ವ್ಯಾಪಾರಿಗಳ ಪಯಣವೂ ಸಫಾರಿಯೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಐರೋಪ್ಯ ರಾಷ್ಟ್ರಗಳು ಆಫ್ರಿಕ ಖಂಡವನ್ನು ತಮ್ಮೊಳಗೆ ಹಂಚಿಕೊಂಡ ಮೇಲೆ ಆ ಶಬ್ದಕ್ಕೆ ಹೊಸ ಅರ್ಥ ಅಂಟಿತು. ಸಿರಿವಂತರು ಹತ್ತಾರು, ಕೆಲವೊಮ್ಮೆ ನೂರಾರು ಆಳುಗಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ನಡೆಸುವ ಬೇಟೆಯ ಯಾತ್ರೆಯೇ ಸಫಾರಿ ಎನಿಸಿಕೊಂಡಿತು.

ಈ ಬದಲಾವಣೆಗೆ ಮಾರ್ಗ ಮಾಡಿಕೊಟ್ಟುದು ಉಗಾಂಡಾ ರೈಲುಮಾರ್ಗ. 1896ರಲ್ಲಿ ಮೊಂಬಾಸಾ ಬಂದರಿನಿಂದ ಆರಂಭವಾದ ಇದರ ನಿರ್ಮಾಣ 1901ರಲ್ಲಿ ವಿಕ್ಟೋರಿಯಾ ಸರೋವರವನ್ನು ಮುಟ್ಟಿತು. ಈ ಕೆಲಸಕ್ಕಾಗಿ ಭಾರತದಿಂದ ಸುಮಾರು 32,000 ಕೂಲಿಕಾರರನ್ನು ಕರೆದೊಯ್ಯಲಾಯಿತು. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಮಡಿದರು. 1898ರಲ್ಲಿ ತ್ಸಾವೊ ನದಿಯ ಸೇತುವೆ ಕಟ್ಟುತ್ತಿದ್ದಾಗ ಎರಡು ಸಿಂಹಗಳು ಡೇರೆಗಳಿಗೆ ನುಗ್ಗಿ ಕೂಲಿಕಾರರನ್ನು ಎಳೆದೊಯ್ಯುತ್ತಿದ್ದವು. ಅಭಿಯಂತರ ಪ್ಯಾಟರ್‌ಸನ್ ಆ ವರ್ಷದ ಡಿಸೆಂಬರಿನಲ್ಲಿ ಅವೆರಡನ್ನೂ ಕೊಂದನು. ಸತ್ತವರು 135 ಮಂದಿ ಎಂದು ಆತ ಮುಂದೆ ಹೇಳಿಕೊಂಡನಾದರೂ, 2009ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು ಆ ಸಿಂಹಗಳ ಮೂಳೆ ಮತ್ತು ಕೂದಲನ್ನು ಪರೀಕ್ಷಿಸಿ, ಅವು ತಿಂದವರ ಸಂಖ್ಯೆ ಸುಮಾರು 35 ಇರಬಹುದೆಂದು ಅಂದಾಜು ಮಾಡಿತು. ಪ್ರಾಣರಕ್ಷಣೆಗಾಗಿ ನಡೆದ ಆ ವಧೆಯನ್ನು ವಿರೋಧೀ ಹಿಂಸೆಯ ವರ್ಗಕ್ಕೆ ಸೇರಿಸಬಹುದು. ಆದರೆ ಅನಂತರ ಆ ಎರಡು ಸಿಂಹಗಳ ಚರ್ಮಗಳು ಇಪ್ಪತ್ತೈದು ವರ್ಷಗಳ ಕಾಲ ಪ್ಯಾಟರ್‌ಸನ್ನನ ಮನೆಯಲ್ಲಿ ನೆಲಹಾಸುಗಳಾಗಿದ್ದು, 1924ರಲ್ಲಿ ಷಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯಕ್ಕೆ 5,000 ಡಾಲರುಗಳಿಗೆ ಮಾರಾಟವಾದವು. ರಕ್ಷಣೆಗಾಗಿ ಕೊಂದುದು ಪ್ರದರ್ಶನದ ವಸ್ತುವಾಗಿ ಮಾರ್ಪಟ್ಟ ಬಗೆಯನ್ನು ಇಲ್ಲಿ ಗಮನಿಸಬೇಕು.

ಆ ಕಾಲಘಟ್ಟದಲ್ಲಿಯೇ ಗುಜರಾತಿನ ಹಾಲಾರ ಪ್ರಾಂತದ ಓಸವಾಲ ಜೈನರೂ ವ್ಯಾಪಾರಕ್ಕಾಗಿ ಕೆನ್ಯಾಕ್ಕೆ ಹೋಗಿ ನೆಲೆಸತೊಡಗಿದರು. ಮೊಂಬಾಸಾದಲ್ಲಿ 1963ರಲ್ಲಿ ಅವರು ಕಟ್ಟಿಸಿದ ಪಾರ್ಶ್ವನಾಥ ಜಿನಾಲಯವು ಇಂದಿಗೂ ಅಲ್ಲಿಗೆ ಹೋಗುವ ಜೈನ ಪ್ರವಾಸಿಗಳ ದರ್ಶನಕ್ಷೇತ್ರವಾಗಿದೆ. ಬೇಟೆಗಾರರು ಹಡಗಿನಿಂದ ಇಳಿಯುತ್ತಿದ್ದ ಬಂದರಿನಲ್ಲಿಯೇ ಜೀವದಯೆಯನ್ನು ಸಾರುವ ಮಂದಿರ ತಲೆಯೆತ್ತಿತೆಂಬುದು ನಮ್ಮ ಸಮಾಜವು ನೆನೆಯಬೇಕಾದ ಸಂಗತಿ.

ಬೇಟೆಯ ಸಫಾರಿಗೆ ಜಗತ್ಪ್ರಸಿದ್ಧಿಯನ್ನು ತಂದವರು ಅಮೆರಿಕದ ಅಧ್ಯಕ್ಷ ಪದವಿಯಿಂದ ಆಗತಾನೇ ಇಳಿದಿದ್ದ ಥಿಯೊಡೋರ್ ರೂಸ್‌ವೆಲ್ಟ್. ಸ್ಮಿತ್‌ಸೋನಿಯನ್ ಸಂಸ್ಥೆಗೆ ಮಾದರಿಗಳನ್ನು ಸಂಗ್ರಹಿಸುವ ಉದ್ದೇಶದಿಂದ 1909ರಲ್ಲಿ ಮೊಂಬಾಸಾಕ್ಕೆ ಬಂದ ಅವರು ಮತ್ತು ಅವರ ಮಗ ಕರ್ಮಿಟ್ ಸುಮಾರು ಒಂದು ವರ್ಷದ ಅವಧಿಯಲ್ಲಿ ತಾವೇ ಗುಂಡಿಟ್ಟು ಕೆಡವಿದ ಪ್ರಾಣಿಪಕ್ಷಿಗಳ ಸಂಖ್ಯೆ 512. ಅವುಗಳಲ್ಲಿ 17 ಸಿಂಹಗಳು, 11 ಆನೆಗಳು, 20 ಘೇಂಡಾಮೃಗಗಳು ಸೇರಿದ್ದವು. ಇದೇ ರೂಸ್‌ವೆಲ್ಟ್ 1901ರಲ್ಲಿ ಅಮೆರಿಕದ ವನ್ಯಪ್ರಾಣಿಗಳ ಛಾಯಾಚಿತ್ರ ಪುಸ್ತಕವೊಂದಕ್ಕೆ ಮುನ್ನುಡಿ ಬರೆಯುತ್ತ, ಮುಂದೆ ಬಂದೂಕಿನ ಸ್ಥಾನವನ್ನು ಕ್ಯಾಮೆರಾ ಬಹುಮಟ್ಟಿಗೆ ಆಕ್ರಮಿಸಲೆಂದು ಆಶಿಸಿದ್ದರು. ಅರಿವು ಆಚರಣೆಗೆ ಇಳಿಯದಿದ್ದರೆ ಅದರಿಂದ ಒಂದು ಜೀವಿಗೂ ಅಭಯ ದೊರೆಯದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಕ್ಯಾಮೆರಾದ ಆಗಮನ

ಕ್ಯಾಮೆರಾ ಆಫ್ರಿಕದ ಅರಣ್ಯಕ್ಕೆ ಬಂದುದು ಬಂದೂಕಿನ ವಿರೋಧಿಯಾಗಿ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಬಂದೂಕಿನ ಸಂಗಾತಿಯಾಗಿ ಬಂದಿತು. ಜರ್ಮನಿಯ ಕಾರ್ಲ್ ಗಿಯೋರ್ಗ್ ಷಿಲ್ಲಿಂಗ್ಸ್ ಎಂಬಾತ ಈಗಿನ ಟಾಂಜಾನಿಯಾದ ಕಿಲಿಮಾಂಜಾರೋ ಸುತ್ತಣ ಪ್ರದೇಶದಲ್ಲಿ ರಾತ್ರಿಯ ವೇಳೆ ಮೆಗ್ನೀಷಿಯಂ ಪುಡಿಯ ಮಿಂಚುಬೆಳಕಿನಿಂದ ಸಿಂಹಗಳ ಚಿತ್ರ ತೆಗೆದನು. 1905ರಲ್ಲಿ ಪ್ರಕಟವಾದ ಆತನ ಗ್ರಂಥದ ಹೆಸರಿನಲ್ಲಿಯೇ ಮಿಂಚುಬೆಳಕು ಮತ್ತು ಬಂದೂಕು ಎರಡೂ ಜೊತೆಯಾಗಿದ್ದವು. ಲೋಕವನ್ನು ಬೆರಗುಗೊಳಿಸಿದ ಆ ಚಿತ್ರಗಳು ದೊರೆತ ಬಗೆ ಹೀಗೆ: ಎತ್ತನ್ನೋ ಕತ್ತೆಯನ್ನೋ ಜೀವಂತವಾಗಿ ಗೂಟಕ್ಕೆ ಕಟ್ಟಿ, ಸಿಂಹ ಅದರ ಮೇಲೆರಗುವ ಕ್ಷಣಕ್ಕಾಗಿ ಕ್ಯಾಮೆರಾ ಹೂಡಿ ಕಾಯಲಾಗುತ್ತಿತ್ತು. ಸಿಂಹಕ್ಕೆ ಗುಂಡು ತಗಲಲಿಲ್ಲ, ನಿಜ. ಆದರೆ ಗೂಟಕ್ಕೆ ಕಟ್ಟಿದ ಆ ಮೂಕಪ್ರಾಣಿ ಛಾಯಾಚಿತ್ರದ ಸಲುವಾಗಿಯೇ ಪ್ರಾಣಬಿಟ್ಟಿತು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದಾಗಿ ಬಂಧವನ್ನು, ಅಂದರೆ ಪ್ರಾಣಿಯನ್ನು ಕಟ್ಟಿಹಾಕುವುದನ್ನು ನಮ್ಮ ಆಚಾರ್ಯರು ಎಣಿಸಿರುವುದು ಇಲ್ಲಿ ನೆನಪಿಗೆ ಬರುತ್ತದೆ.

ಅನಂತರದ ದಶಕಗಳಲ್ಲಿಯೂ ಪರಿಸ್ಥಿತಿ ಬೇಗ ಬದಲಾಗಲಿಲ್ಲ. ಅಮೆರಿಕದ ಮಾರ್ಟಿನ್ ಜಾನ್ಸನ್ ಮತ್ತು ಓಸಾ ಜಾನ್ಸನ್ ದಂಪತಿಗಳು 1920ರ ದಶಕದಲ್ಲಿ ಕೆನ್ಯಾದಲ್ಲಿ ವರ್ಷಗಟ್ಟಲೆ ನೆಲೆಸಿ ಚಲನಚಿತ್ರಗಳನ್ನು ತಯಾರಿಸಿದರು. ಪತಿ ಕ್ಯಾಮೆರಾ ತಿರುಗಿಸುತ್ತಿದ್ದಾಗ ಪತ್ನಿ ಬಂದೂಕು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಪ್ರಾಣಿಯನ್ನು ಕೆಣಕಿ, ಅದು ಮೈಮೇಲೆ ಬರುವ ದೃಶ್ಯವನ್ನು ಪಡೆಯುವುದು, ತೀರ ಹತ್ತಿರ ಬಂದರೆ ಗುಂಡು ಹಾರಿಸುವುದು ಆ ಕಾಲದ ಚಿತ್ರಗ್ರಾಹಕರ ವಾಡಿಕೆಯಾಗಿತ್ತು.

ಇವರ ನಡುವೆ ಕಾರ್ಲ್ ಏಕ್ಲಿಯ ಜೀವನ ವಿಶೇಷ ಮನನಯೋಗ್ಯವಾದುದು. ಸತ್ತ ಪ್ರಾಣಿಗಳ ಚರ್ಮ ತುಂಬಿ ವಸ್ತುಸಂಗ್ರಹಾಲಯಗಳಲ್ಲಿ ನಿಲ್ಲಿಸುವ ಕಲೆಯಲ್ಲಿ ಆತ ಅಗ್ರಗಣ್ಯ. ಚಲಿಸುವ ಪ್ರಾಣಿಗಳನ್ನು ಚಿತ್ರೀಕರಿಸಲು ತಾನೇ ಹೊಸ ಬಗೆಯ ಚಲನಚಿತ್ರ ಕ್ಯಾಮೆರಾವನ್ನೂ ನಿರ್ಮಿಸಿದನು. 1921ರಲ್ಲಿ ವಿರುಂಗಾ ಪರ್ವತಗಳಲ್ಲಿ ಗೊರಿಲ್ಲಾಗಳನ್ನು ಆ ಕ್ಯಾಮೆರಾದಿಂದ ಚಿತ್ರೀಕರಿಸಿದನು. ವಸ್ತುಸಂಗ್ರಹಾಲಯಕ್ಕಾಗಿ ಕೆಲವನ್ನು ಕೊಂದನು. ಸತ್ತ ಗೊರಿಲ್ಲಾದ ಮುಖವನ್ನು ಕಂಡಾಗ ತನಗೆ ಕೊಲೆಗಾರನ ಭಾವ ಉಂಟಾಯಿತೆಂದು ಆತ ಬರೆದುಕೊಂಡಿದ್ದಾನೆ. ಆ ಪಶ್ಚಾತ್ತಾಪ ಮಾತಿನಲ್ಲಿಯೇ ಮುಗಿಯಲಿಲ್ಲ. ಆತನ ಒತ್ತಾಯವೂ ಕಾರಣವಾಗಿ ಬೆಲ್ಜಿಯಂ ದೊರೆ ಆಲ್ಬರ್ಟ್ 1925ರಲ್ಲಿ ಆ ಪರ್ವತ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದನು. ಈಗ ಅದು ವಿರುಂಗಾ ರಾಷ್ಟ್ರೀಯ ಉದ್ಯಾನವೆಂದು ಪ್ರಸಿದ್ಧವಾಗಿದೆ. ಮರುವರ್ಷ ಏಕ್ಲಿ ಅದೇ ಪರ್ವತಗಳಲ್ಲಿ ತೀರಿಕೊಂಡನು. ಹಿಂಸೆಯ ಮಾರ್ಗದಲ್ಲಿ ಬಹುದೂರ ನಡೆದವನೂ ತಿರುಗಿ ನಿಲ್ಲಬಲ್ಲನೆಂಬುದು ನಮ್ಮ ಪುರಾಣಗಳು ಮತ್ತೆ ಮತ್ತೆ ಹೇಳುವ ಮಾತು. ಇತಿಹಾಸವೂ ಅದಕ್ಕೆ ಸಾಕ್ಷಿ ನುಡಿಯುತ್ತದೆ.

ರಕ್ಷಣೆಯ ಕಾನೂನುಗಳು

ಬೇಟೆಯಿಂದ ಪ್ರಾಣಿಸಂಕುಲ ಕುಗ್ಗುತ್ತಿರುವುದನ್ನು ಕಂಡು ಐರೋಪ್ಯ ರಾಷ್ಟ್ರಗಳು 1900ರಲ್ಲಿ ಲಂಡನ್ನಿನಲ್ಲಿ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದವು. ಅದರ ಒಂದು ಅನುಸೂಚಿಯಲ್ಲಿ ಸಿಂಹ, ಚಿರತೆ, ಕತ್ತೆಕಿರುಬ, ಕಾಡುನಾಯಿ, ಮೊಸಳೆ, ವಿಷಸರ್ಪ ಮೊದಲಾದವನ್ನು ಹಾನಿಕಾರಕ ಜೀವಿಗಳೆಂದು ಪಟ್ಟಿಮಾಡಿ, ಅವುಗಳ ಸಂಖ್ಯೆಯನ್ನು ತಗ್ಗಿಸಬೇಕೆಂದು ಸೂಚಿಸಲಾಗಿತ್ತು. ಬೇಟೆಗೆ ಒದಗುವ ಪ್ರಾಣಿ ಉಳಿಯಬೇಕು, ಆ ಬೇಟೆಯಲ್ಲಿ ತಮಗೆ ಪಾಲುದಾರನಾಗುವ ಪ್ರಾಣಿ ಅಳಿಯಬೇಕು ಎಂಬುದು ಅಂದಿನ ದಯೆಯ ಸ್ವರೂಪ. ಆ ಒಪ್ಪಂದವೂ ಜಾರಿಗೆ ಬರಲಿಲ್ಲ. ನಿಜವಾದ ರಕ್ಷಿತ ಕ್ಷೇತ್ರಗಳು ಕ್ರಮೇಣ ಮೂಡಿದವು. ದಕ್ಷಿಣ ಆಫ್ರಿಕದಲ್ಲಿ ಕ್ರೂಗರ್ ಉದ್ಯಾನ 1926ರಲ್ಲಿ, ಕೆನ್ಯಾದಲ್ಲಿ ನೈರೋಬಿ ಉದ್ಯಾನ 1946ರಲ್ಲಿ, ತ್ಸಾವೊ 1948ರಲ್ಲಿ, ಟಾಂಜಾನಿಯಾದಲ್ಲಿ ಸೆರೆಂಗೆಟಿ 1951ರಲ್ಲಿ ಸ್ಥಾಪನೆಯಾದವು.

ಈ ಉದ್ಯಾನಗಳಿಂದ ಬಂದೂಕು ಹೊರಗಾಗಿ ಕ್ಯಾಮೆರಾ ಒಳಬಂದಿತು. 1977ರಲ್ಲಿ ಕೆನ್ಯಾ ಸರ್ಕಾರ ಮನರಂಜನೆಯ ಬೇಟೆಯನ್ನು ದೇಶಾದ್ಯಂತ ನಿಷೇಧಿಸಿತು. ಜೀವಂತ ಸಿಂಹ ಸತ್ತ ಸಿಂಹಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆಂಬ ಲೆಕ್ಕಾಚಾರವನ್ನು ಸರ್ಕಾರಗಳು ಕಲಿತುದು ನೋಡಲು ಬರುವ ಪ್ರವಾಸಿಗಳಿಂದಲೇ. ಅವರು ತೆರುವ ಪ್ರವೇಶ ಶುಲ್ಕದಿಂದ ಕಾವಲುಗಾರರಿಗೆ ಸಂಬಳ ಸಲ್ಲುತ್ತದೆ. ಪ್ರವಾಸೋದ್ಯಮವನ್ನು ನಂಬಿ ಲಕ್ಷಾಂತರ ಕುಟುಂಬಗಳು ಬದುಕುತ್ತವೆ. ಆದುದರಿಂದ ಸಫಾರಿಯನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ.

ಆದರೆ ಈ ರಕ್ಷಣೆಗೆ ಬೆಲೆ ತೆತ್ತವರನ್ನೂ ಮರೆಯಲಾಗದು. ಸೆರೆಂಗೆಟಿಯ ಬಯಲಿನಲ್ಲಿ ತಲೆತಲಾಂತರದಿಂದ ದನ ಮೇಯಿಸುತ್ತಿದ್ದ ಮಸಾಯಿ ಜನರನ್ನು 1959ರಲ್ಲಿ ಉದ್ಯಾನದಿಂದ ಹೊರಕಳುಹಿಸಿ, ಪಕ್ಕದ ಎನ್‌ಗೊರೊಂಗೊರೊ ಪ್ರದೇಶದಲ್ಲಿ ನೆಲೆಸಲು ಅವಕಾಶ ಕೊಡಲಾಯಿತು. 2022ರಲ್ಲಿ ಲೊಲಿಯೊಂಡೊ ಎಂಬಲ್ಲಿ 1,500 ಚದರ ಕಿಲೋಮೀಟರು ಹುಲ್ಲುಗಾವಲಿಗೆ ಗಡಿಗಲ್ಲು ನೆಟ್ಟಾಗ ಅವರಿಗೂ ಪೊಲೀಸರಿಗೂ ಘರ್ಷಣೆ ನಡೆಯಿತು. ಪ್ರವಾಸಿಗೆ ನಿರ್ಜನ ಅರಣ್ಯವಾಗಿ ಕಾಣುವ ಭೂಮಿ ಎಷ್ಟೋ ವೇಳೆ ಮತ್ತೊಬ್ಬರ ತೆರವಾದ ಮನೆಯಂಗಳ.

ಉಳಿದುಬಂದ ನುಡಿ, ಉಳಿದುಬಂದ ಮನಸ್ಸು

ಆಯುಧ ಬದಲಾದರೂ ಬೇಟೆಗಾರನ ಭಾಷೆ ಉಳಿದುಬಂದಿತು. ಪ್ರವಾಸ ಸಂಸ್ಥೆಗಳ ಪ್ರಚಾರಪತ್ರಗಳಲ್ಲಿ ‘ಬಿಗ್ ಫೈವ್’ ಎಂಬ ಮಾತು ತಪ್ಪದೆ ಇರುತ್ತದೆ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಇವೇ ಆ ಐದು. ಇವು ಗಾತ್ರದಿಂದಾಗಲಿ ಸೌಂದರ್ಯದಿಂದಾಗಲಿ ಆಯ್ದವುಗಳಲ್ಲ. ಕಾಲ್ನಡಿಗೆಯಲ್ಲಿ ಬೆನ್ನಟ್ಟಿ ಕೊಲ್ಲಲು ಅತ್ಯಂತ ಅಪಾಯಕರವೆಂದು ಬೇಟೆಗಾರರು ಎಣಿಸಿದ್ದ ಪ್ರಾಣಿಗಳು. ಆ ಪಟ್ಟಿಯನ್ನು ಹಿಡಿದು ಇಂದಿನ ಪ್ರವಾಸಿ ಒಂದೊಂದಾಗಿ ಗುರುತು ಹಾಕುತ್ತ ಹೋಗುತ್ತಾನೆ. ಇವುಗಳಲ್ಲಿ ನಾಲ್ಕು ನಮಗೆ ಬೇರೊಂದು ರೀತಿಯಲ್ಲಿ ಪರಿಚಿತವಾಗಿವೆ. ಆನೆ ಅಜಿತನಾಥರ, ಘೇಂಡಾಮೃಗ ಶ್ರೇಯಾಂಸನಾಥರ, ಎಮ್ಮೆಯ ಕುಲದ ಮಹಿಷ ವಾಸುಪೂಜ್ಯರ, ಸಿಂಹ ವರ್ಧಮಾನ ಮಹಾವೀರರ ಲಾಂಛನಗಳು. ಆಫ್ರಿಕದ ಪ್ರಭೇದಗಳು ಬೇರೆಯಾದರೂ ಕುಲ ಅದೇ. ಒಂದು ಪರಂಪರೆ ತೀರ್ಥಂಕರರ ಪೀಠದಲ್ಲಿ ಕೆತ್ತಿಸಿ ಗೌರವಿಸಿದ ಜೀವಿಗಳನ್ನು ಮತ್ತೊಂದು ಪರಂಪರೆ ಗೋಡೆಗೆ ತೂಗುಹಾಕುವ ತಲೆಗಳಾಗಿ ಎಣಿಸಿತು.

ನಮ್ಮ ಕನ್ನಡವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಚಿತ್ರ ತೆಗೆಯುವುದನ್ನು ಆಡುಮಾತಿನಲ್ಲಿ ಫೋಟೋ ‘ಹೊಡೆಯುವುದು’ ಎನ್ನುತ್ತೇವೆ, ಬರಹದಲ್ಲಿ ಕ್ಯಾಮೆರಾದಲ್ಲಿ ‘ಸೆರೆಹಿಡಿಯುವುದು’ ಎನ್ನುತ್ತೇವೆ. ಹೊಡೆತ, ಸೆರೆ ಎರಡೂ ಹಿಂಸೆಯ ಶಬ್ದಗಳೇ.

ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದುದು. ಜೀವವಿರುವ ಕೋಳಿಯನ್ನು ಬಲಿಕೊಡಲೊಪ್ಪದ ಯಶೋಧರ ಮಹಾರಾಜನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಪ್ರಾಣಹರಣವೇ ಆಗದಿದ್ದರೂ ಕೊಲ್ಲುವ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ತಿರ್ಯಗ್ಯೋನಿಯಲ್ಲಿ ತೊಳಲಿದರು. ಕೋವಿಯ ಬದಲು ಕ್ಯಾಮೆರಾ ಹಿಡಿದವನು ಸ್ಪರ್ಧೆ, ಸಂಖ್ಯೆಯ ಲೆಕ್ಕ, ಗೆದ್ದೆನೆಂಬ ಹಮ್ಮು ಇವನ್ನೆಲ್ಲ ಹಾಗೆಯೇ ಉಳಿಸಿಕೊಂಡಿದ್ದರೆ, ಅವನ ಕೈಯಲ್ಲಿರುವುದು ಹಿಟ್ಟಿನ ಕೋಳಿಯೇ ಸರಿ. ಇಲ್ಲಿ ಇನ್ನೊಂದು ಅಂಶವೂ ಸೇರುತ್ತದೆ: ಹಿಟ್ಟಿನ ಕೋಳಿಗೆ ನೋವಾಗಲಿಲ್ಲ, ಕ್ಯಾಮೆರಾದ ಎದುರಿನ ಪ್ರಾಣಿಗಾದರೋ ನಿಜವಾದ ಹಾನಿ ತಗಲಬಲ್ಲದು.

ಕಾಣದ ಹಾನಿ

ಕೆನ್ಯಾದ ಮಸಾಯಿ ಮಾರಾದಲ್ಲಿ ಸಿವಂಗಿಗಳನ್ನು (ಚೀತಾ) ಕುರಿತು ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಪ್ರವಾಸಿಗಳು ಕಡಿಮೆಯಿರುವ ಭಾಗದಲ್ಲಿ ತಾಯಿ ಸಿವಂಗಿ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಸ್ವತಂತ್ರವಾಗುವವರೆಗೆ ಸಾಕಿ ಬೆಳೆಸುತ್ತಿತ್ತು. ಪ್ರವಾಸಿಗಳು ಹೆಚ್ಚಾಗಿರುವ ಭಾಗದಲ್ಲಿ ಆ ಸಂಖ್ಯೆ 0.2 ಮಾತ್ರ. ಯಾರೂ ಮರಿಗಳನ್ನು ಮುಟ್ಟಲಿಲ್ಲ, ಯಾರೂ ಗುಂಡು ಹಾರಿಸಲಿಲ್ಲ. ಸಿವಂಗಿ ಬಹುಮಟ್ಟಿಗೆ ಹಗಲಿನಲ್ಲಿ ಬೇಟೆಯಾಡುವ ಪ್ರಾಣಿ. ಪ್ರವಾಸಿಗಳ ವಾಹನಗಳು ಓಡಾಡುವುದೂ ಹಗಲಿನಲ್ಲಿಯೇ. ವಾಹನಗಳ ಗದ್ದಲದಿಂದ ಬೇಟೆ ತಪ್ಪಿಹೋಗುವುದು, ದೊರೆತ ಆಹಾರವನ್ನು ಬಿಟ್ಟು ತೆರಳಬೇಕಾಗುವುದು ಇದಕ್ಕೆ ಕಾರಣವಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ, ಎಂದರೆ ಜೀವಿಗೆ ಅನ್ನನೀರು ತಪ್ಪಿಸುವುದು. ಮನೆಯ ದನಕರುಗಳನ್ನು ಕುರಿತು ಹೇಳಿದ ಈ ಮಾತು ದೂರದ ಹುಲ್ಲುಗಾವಲಿನ ತಾಯಿಯೊಂದಕ್ಕೂ ಅನ್ವಯಿಸುವ ಕಾಲ ಬಂದಿದೆ. ಸಿವಂಗಿಯ ಆಹಾರವೂ ಮತ್ತೊಂದು ಜೀವವೇ ಅಲ್ಲವೇ ಎಂದು ಕೆಲವರು ಕೇಳಬಹುದು. ಅದು ಆ ಜೀವಿಯ ಕರ್ಮೋದಯ, ಅದರ ಶರೀರಧರ್ಮ. ವ್ರತವಿರುವುದು ನಮಗೆ, ನಮ್ಮ ಪ್ರಮಾದದಿಂದ ಒದಗುವ ಹಾನಿಗೆ ಮಾತ್ರ ನಾವು ಉತ್ತರದಾಯಿಗಳು.

ಇದಕ್ಕೆ ಸಮೀಪವಾದ ಇನ್ನೊಂದು ಸಂಗತಿಯೂ ವಿಚಾರಣೀಯ. ಪ್ರತಿವರ್ಷ ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳು ಜೀಬ್ರಾಗಳೊಡನೆ ಸೆರೆಂಗೆಟಿ ಮತ್ತು ಮಾರಾ ಬಯಲುಗಳಲ್ಲಿ ಹುಲ್ಲನ್ನರಸಿ ಸುತ್ತುತ್ತವೆ. ಜುಲೈಯಿಂದ ಅಕ್ಟೋಬರಿನವರೆಗೆ ಅವು ಮಾರಾ ನದಿಯನ್ನು ದಾಟುವ ದೃಶ್ಯ ಜಗದ್ವಿಖ್ಯಾತ. ದಡದಲ್ಲಿ ವಾಹನಗಳು ಸಾಲುಗಟ್ಟುತ್ತವೆ. ಕೆಲವೊಮ್ಮೆ ಮಂದೆ ಇಳಿಯುವ ದಾರಿಗೇ ಅಡ್ಡವಾಗುತ್ತವೆ. ಅಲ್ಲಿ ನೆರೆದವರಲ್ಲಿ ಎಷ್ಟೋ ಮಂದಿ ಕಾಯುವುದು ಮೊಸಳೆ ಎರಗುವ ಕ್ಷಣಕ್ಕಾಗಿ. ಪ್ರಾಣಿ ಪ್ರಾಣಿಯನ್ನು ತಿನ್ನುವುದು ನಮ್ಮ ಕಣ್ಣಿಗೆ ಬಿದ್ದರೆ ದೋಷವಿಲ್ಲ. ಸಂಸಾರದ ಸ್ವರೂಪವನ್ನು ಚಿಂತಿಸಲು ಅದೊಂದು ನಿಮಿತ್ತವೂ ಆಗಬಹುದು. ಆದರೆ ಆ ಸಾವು ಬೇಗ ಸಂಭವಿಸಲೆಂದು ಹಾರೈಸುವುದು, ಸಂಭವಿಸಿದಾಗ ಹರ್ಷಿಸುವುದು, ಕಾಣದೆ ಹೋದರೆ ಹಣ ವ್ಯರ್ಥವಾಯಿತೆಂದು ಕೊರಗುವುದು ಇವೆಲ್ಲ ಬೇರೆಯೇ ಆದ ಮನಃಸ್ಥಿತಿ. ನಮ್ಮ ಶಾಸ್ತ್ರಗಳು ಅದನ್ನು ಹಿಂಸಾನಂದ ರೌದ್ರಧ್ಯಾನವೆಂದು ಕರೆದಿವೆ.

ದಕ್ಷಿಣ ಆಫ್ರಿಕದ ಸಿಂಹಸಾಕಣೆಯ ವಿಚಾರ ಇನ್ನೂ ಗಂಭೀರವಾದುದು. ಅಲ್ಲಿನ ಮುನ್ನೂರಕ್ಕೂ ಹೆಚ್ಚು ಸಾಕಣೆ ಕೇಂದ್ರಗಳಲ್ಲಿ 8,000ದಿಂದ 12,000 ಸಿಂಹಗಳು ಬೇಲಿಯೊಳಗೆ ಇವೆಯೆಂದು ಅಂದಾಜು ಮಾಡಲಾಗಿತ್ತು. ಅಂತಹ ಅನೇಕ ಕೇಂದ್ರಗಳಲ್ಲಿ ಎಳೆಯ ಮರಿಯನ್ನು ತಾಯಿಯಿಂದ ಅಗಲಿಸಿ ಪ್ರವಾಸಿಗಳ ತೊಡೆಯ ಮೇಲಿಟ್ಟು ಚಿತ್ರ ತೆಗೆಯಲು ಹಣ ಪಡೆಯಲಾಗುತ್ತಿತ್ತು. ಆ ಮರಿ ಬೆಳೆದ ಮೇಲೆ ಬೇಲಿಯೊಳಗಿನ ಬೇಟೆಗೆ ಮಾರಾಟವಾಗುವುದು, ಅದರ ಮೂಳೆ ವ್ಯಾಪಾರಕ್ಕೆ ಹೋಗುವುದು ಬೆಳಕಿಗೆ ಬಂದಿತು. 2021ರಲ್ಲಿ ಅಲ್ಲಿನ ಸರ್ಕಾರವೇ ಈ ಉದ್ಯಮವನ್ನು ನಿಲ್ಲಿಸುವ ಇಂಗಿತವನ್ನು ಪ್ರಕಟಿಸಿತು. ಮರಿಯನ್ನು ಮುದ್ದಿಸಿದ ಮಗುವಿಗೆ ಇದೊಂದೂ ತಿಳಿದಿರಲಾರದು. ಹಣ ಕೊಟ್ಟ ಹಿರಿಯರು ತಿಳಿಯಬೇಕು. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರನ್ನೂ ಸಮನಾಗಿ ಎಣಿಸುವ ಧರ್ಮ ನಮ್ಮದು.

ಬಂದೂಕಿನ ಯುಗ ಮುಗಿದುಹೋಯಿತೆಂದೂ ಭಾವಿಸಲಾಗದು. ದಕ್ಷಿಣ ಆಫ್ರಿಕ, ನಮೀಬಿಯಾ, ಟಾಂಜಾನಿಯಾ, ಜಿಂಬಾಬ್ವೆಗಳಲ್ಲಿ ಹಣ ತೆತ್ತು ಬೇಟೆಯಾಡಲು ಇಂದಿಗೂ ಕಾನೂನಿನ ಅವಕಾಶವಿದೆ. 2015ರ ಜುಲೈ ತಿಂಗಳಿನಲ್ಲಿ ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಸೆಸಿಲ್ ಎಂಬ ಸಿಂಹವನ್ನು ಆಹಾರದ ಆಮಿಷದಿಂದ ಸೆಳೆದು ಉದ್ಯಾನದ ಗಡಿಯಾಚೆ ಕೊಂದ ಘಟನೆ ಜಗತ್ತನ್ನೇ ಕಲಕಿತು. ಅನೇಕ ಪ್ರವಾಸಿಗಳು ಪ್ರೀತಿಯಿಂದ ಚಿತ್ರ ತೆಗೆದಿದ್ದ ಸಿಂಹ ಅದು. ಅದರ ಕೊರಳಿನಲ್ಲಿ ಸಂಶೋಧಕರು ತೊಡಿಸಿದ ಪಟ್ಟಿಯೂ ಇತ್ತು.

ಶ್ರಾವಕರು ಪಾಲಿಸಬೇಕಾದುದು

ಈ ಇತಿಹಾಸದಿಂದ ನಾವು ಪಡೆಯಬೇಕಾದ ಪಾಠಗಳು ಕಠಿಣವಾದುವೇನಲ್ಲ. ಮಸಾಯಿ ಮಾರಾದ ನಿಯಮದಂತೆ ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ವಾಹನಗಳು ನಿಲ್ಲಬಾರದು. ಚಾಲಕರು ಆ ನಿಯಮವನ್ನು ಮುರಿಯುವುದು ಬಹುತೇಕ ಪ್ರವಾಸಿಗಳನ್ನು ಮೆಚ್ಚಿಸಲು, ಕೊನೆಯ ದಿನ ದೊರೆಯುವ ಭಕ್ಷೀಸನ್ನು ನೆನೆದು. ಆದಕಾರಣ ಮೊದಲನೆಯ ದಿನವೇ ಚಾಲಕನಿಗೆ, ನಮಗೆ ಸಮೀಪ ಹೋಗುವುದು ಬೇಕಿಲ್ಲ, ದೂರವೇ ಸಾಕು, ಇದರಿಂದ ನಿಮ್ಮ ಭಕ್ಷೀಸಿಗೆ ಕೊರತೆಯಾಗದು ಎಂದು ತಿಳಿಸಬೇಕು. ಒಳ್ಳೆಯ ದುರ್ಬೀನೊಂದು ಜೊತೆಯಲ್ಲಿದ್ದರೆ ಹತ್ತಿರ ಹೋಗಬೇಕೆಂಬ ಚಪಲವೇ ತಗ್ಗುತ್ತದೆ. ಮರಿಗಳೊಡನಿರುವ ತಾಯಿಯ ಬಳಿ ಹೆಚ್ಚು ಹೊತ್ತು ನಿಲ್ಲಬಾರದು. ಮಂದೆಯ ದಾರಿಗೆ ಅಡ್ಡನಿಲ್ಲಬಾರದು. ಸಿಂಹದ ಮರಿಯನ್ನು ಮುಟ್ಟಿಸುವ, ಸಿಂಹದೊಡನೆ ನಡೆಸುವ ಸ್ಥಳಗಳಿಗೆ ಹೋಗಲೇಬಾರದು. ಘೇಂಡಾಮೃಗದ ಚಿತ್ರವನ್ನು ತೆಗೆದ ಸ್ಥಳದ ಹೆಸರನ್ನು ಬಹಿರಂಗಪಡಿಸಬಾರದು; ಕೊಂಬಿನ ಕಳ್ಳರಿಗೆ ಅದೇ ಸುಳಿವಾದೀತು.

ಪ್ರವಾಸವನ್ನು ಏರ್ಪಡಿಸುವ ನಮ್ಮ ಟ್ರಸ್ಟುಗಳು ಮತ್ತು ಯುವಕ ಮಂಡಲಿಗಳು ಊಟೋಪಚಾರದ ಬಗ್ಗೆ ಎಷ್ಟು ಎಚ್ಚರ ವಹಿಸುತ್ತವೆಯೋ ಇದರ ಬಗೆಗೂ ಅಷ್ಟೇ ಎಚ್ಚರ ವಹಿಸುವುದು ಯುಕ್ತ. ಗಡ್ಡೆಗೆಣಸಿಲ್ಲದ ಆಹಾರ, ಸೂರ್ಯಾಸ್ತಕ್ಕೆ ಮೊದಲು ಭೋಜನ ಎಂದು ಪ್ರವಾಸ ಸಂಸ್ಥೆಗೆ ಬರೆದು ಕೊಡುವ ಕಾಗದದಲ್ಲಿಯೇ ಈ ನಿಯಮಗಳನ್ನೂ ಸೇರಿಸಿದರೆ ಸಾಕು. ತಟ್ಟೆಯಲ್ಲಿ ಪಾಲಿಸಿದ ಅಹಿಂಸೆ ವಾಹನದ ಚಕ್ರದಡಿ ಭಂಗವಾಗಬಾರದು.

ಆತ್ಮನ ಸ್ವಭಾವ ಜ್ಞಾತೃತ್ವ ಮತ್ತು ದ್ರಷ್ಟೃತ್ವ, ಅಂದರೆ ಅರಿಯುವುದು ಮತ್ತು ನೋಡುವುದು ಎಂದು ಜೈನದರ್ಶನ ಹೇಳುತ್ತದೆ. ನೋಟಕ್ಕೆ ರಾಗದ್ವೇಷಗಳು ಬೆರೆತಾಗಲೇ ಬಂಧ. ಆಫ್ರಿಕದ ಬಯಲಿನಲ್ಲಿ ನೂರಿಪ್ಪತ್ತು ವರ್ಷಗಳ ಅವಧಿಯಲ್ಲಿ ಮನುಷ್ಯನು ಕೊಲ್ಲುವುದನ್ನು ಬಿಟ್ಟು ನೋಡುವುದನ್ನು ಸ್ವಲ್ಪಮಟ್ಟಿಗೆ ಕಲಿತಿದ್ದಾನೆ. ಇದು ಸಣ್ಣ ಸಾಧನೆಯಲ್ಲ. ನೋಡಿಯೂ ನೋಯಿಸದಿರುವುದನ್ನು ಕಲಿಯುವುದು ಬಾಕಿಯಿದೆ. ಅದರಲ್ಲಿ ಮುಂದಾಳುಗಳಾಗಬಲ್ಲ ಸಂಸ್ಕಾರ ನಮ್ಮ ಮನೆಗಳಲ್ಲಿದೆ. ಮುಂದಿನ ರಜೆಗೆ ಟಿಕೆಟು ಕೊಳ್ಳುವ ಮೊದಲು ಮಕ್ಕಳೊಡನೆ ಕುಳಿತು ಈ ಮಾತುಗಳನ್ನು ಒಮ್ಮೆ ಚರ್ಚಿಸಿದರೆ ಆ ಸಂಸ್ಕಾರ ಸಾರ್ಥಕವಾದೀತು.